ನಿನ್ನ ಅಪ್ಪಯ್ಯನ ಲೆನ್ಸು ಬಿಚ್ಚಿದ ಕಥೆ

ಮಾರಾಯ,

ಲೆನ್ಸು ಏನಾಯ್ತು ಅಂತ ನೀನು ಮೂರು ಸಲ ಮೆಸೇಜ್ ಹಾಕಿದ್ದೆ, ನಾನು ಉತ್ತರ ಕೊಡಲಿಲ್ಲ. ಬೇಜಾರು ಮಾಡ್ಕೋಬೇಡ. ಆಗ ಅದು ನನ್ನ ಮೇಜಿನ ಮೇಲೆ ತುಂಡುತುಂಡಾಗಿ ಬಿದ್ದಿತ್ತು, ಏನಂತ ಹೇಳಲಿ? ಈಗ ಸರಿಯಾಗಿದೆ. ಪೂರ್ತಿ ಅಲ್ಲ, ಅದನ್ನೂ ಹೇಳುತ್ತೇನೆ. ಅಟ್ಟದ ಮೇಲೆ ಹಳೇ ಕ್ಯಾಮೆರಾ ಇಟ್ಟುಕೊಂಡವರು ಇನ್ನೂ ಇದ್ದಾರಲ್ಲ, ಅವರೂ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ.

ನಿನ್ನದು ಹೀಲಿಯೋಸ್ 44-2. 58 ಮಿಮೀ, ಎಫ್ 2. ಸೋವಿಯತ್ ಕಾಲದ ಝೆನಿಟ್ ಕ್ಯಾಮೆರಾ ಜೊತೆ ಬರುತ್ತಿದ್ದದ್ದು, ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ ಲೆನ್ಸು ನೋಡಿ ಮಾಡಿದ್ದು. ನಂಬರ್ 78ರಿಂದ ಶುರುವಾಗುತ್ತದೆ, ಹಾಗಾಗಿ 1978ರದ್ದೇ ಇರಬೇಕು.

ಟಾರ್ಚ್ ಹಾಕಿ ಒಳಗೆ ನೋಡಿದೆ. ಬೂಷ್ಟು! ಗಾಜಿನ ಅಂಚಿಂದ ನಡುವಿಗೆ ಬಿಳೀ ಬೇರು ಇಳಿದ ಹಾಗೆ. ತೀರ್ಥಹಳ್ಳಿ ಮಳೆ, ಅದರ ಮೇಲೆ ಲೆದರ್ ಕೇಸು, ಇನ್ನೇನಾಗುತ್ತೆ? ಲೆದರು ತೇವ ಹಿಡಿದಿಟ್ಟುಕೊಂಡು ಬೂಷ್ಟಿಗೆ ಮನೆ ಮಾಡಿಕೊಟ್ಟಿದೆ. ಆದರೆ ಬೂಷ್ಟಿಗಿಂತ ದೊಡ್ಡ ತಲೆನೋವು ಬೇರೆ ಇತ್ತು. ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಭಾಗ, ಅದರ ಎಂಟೂ ಲೋಹದ ಎಲೆಗಳ ಮೇಲೆ ಎಣ್ಣೆ. ಯಾರೋ ಫೋಕಸ್ ಬಿಗಿ ಅಂತ ಹೊಲಿಗೆ ಮಿಷನ್ ಎಣ್ಣೆ ಬಿಟ್ಟಿದ್ದಾರೆ. ಅಪ್ಪಯ್ಯನೇ ಇರಬೇಕು ಅಂತ ನನ್ನ ಗುಮಾನಿ, ಆದರೆ ಕೇಳಬೇಡ.

ಮುಂದಿನ ರಿಂಗು ಜಪ್ಪಯ್ಯ ಅಂದರೂ ತಿರುಗಲಿಲ್ಲ. ಕೊನೆಗೆ ಸೈಕಲ್ ಟ್ಯೂಬಿನ ತುಂಡೊಂದನ್ನು ಟಾನಿಕ್ ಬಾಟಲಿ ಮುಚ್ಚಳಕ್ಕೆ ಅಂಟಿಸಿ, ಒತ್ತಿ ತಿರುಗಿಸಿದೆ, ಕರ್ರ್ ಅಂತ ಬಂತು. ಹಿಂದಿನ ರಿಂಗಿಗೆ ಮಾತ್ರ ಸ್ಪ್ಯಾನರ್ ತರಿಸಿದೆ. ಕತ್ತರಿ ತುದಿಯಿಂದ ತೆಗೆಯಲು ಹೋಗಬೇಡ, ಜಾರಿದರೆ ನೇರ ಗಾಜಿಗೇ ಗೀರು.

ಬೂಷ್ಟಿಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್. ಹತ್ತಿಯಲ್ಲಿ ಅದ್ದಿ ಗಾಜಿನ ಮೇಲೆ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಕೊನೆಗೆ ಆಲ್ಕೋಹಾಲ್. ಒತ್ತಿ ಉಜ್ಜಲಿಲ್ಲ. ಎರಡೆರಡು ಗಾಜು ಅಂಟಿಸಿದ ಜೋಡಿಗಳನ್ನು ಮಾತ್ರ ನೆನೆಹಾಕಲಿಲ್ಲ, ನಡುವಿನ ಅಂಟು ಬಿಟ್ಟರೆ ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ. ಎಲೆಗಳನ್ನು ಬಿಚ್ಚುವ ಧೈರ್ಯವೂ ಬರಲಿಲ್ಲ. ಲೈಟರ್ ಪೆಟ್ರೋಲ್ ಬಿಟ್ಟು, ತೆರೆದು ಮುಚ್ಚಿ, ಒಣಗಿಸಿ, ಮತ್ತೆ ಬಿಟ್ಟು, ನಾಲ್ಕು ಸಲ ಹೀಗೇ. ಕಿಟಕಿ ತೆಗೆದಿಟ್ಟಿದ್ದರೂ ಹೆಂಡತಿಗೆ ವಾಸನೆ ಬಂದು ಅವತ್ತು ನನಗೆ ಊಟ ಬಾಲ್ಕನಿಯಲ್ಲೇ.

ಈ ನಡುವೆ ಒಂದು ಸ್ಕ್ರೂ ಹಾರಿತು. ಸಾಸಿವೆಗಿಂತ ಚಿಕ್ಕದು. ಒಂದು ಗಂಟೆ ಹುಡುಕಿದೆ. ಕೊನೆಗೆ ಲೈಟ್ ಆರಿಸಿ ಮೊಬೈಲ್ ಟಾರ್ಚನ್ನು ನೆಲಕ್ಕೆ ಒರಗಿಸಿಟ್ಟೆ, ಎಲ್ಲಾ ಕಸದ ನೆರಳೂ ಉದ್ದುದ್ದ ಬಿತ್ತು, ಅದರಲ್ಲೊಂದು ನೆರಳಿನ ಬುಡ ಮಿಣ್ಣಗೆ ಹೊಳೆಯಿತು.

ಫೋಕಸಿನ ಗ್ರೀಸು ಮೇಣದ ಹಾಗೆ ಗಟ್ಟಿಯಾಗಿತ್ತು, ಅದನ್ನೂ ತೆಗೆದೆ. ಫೋಕಸ್ ರಿಂಗಿನ ಒಳಗಿನ ತಿರುಪಿನ ಸುತ್ತು ಒಂದೇ ಕಡೆಯಿಂದ ಶುರುವಾಗುವುದಿಲ್ಲ, ಸುತ್ತ ಹಲವು ಕಡೆ ಹಿಡಿಯುತ್ತೆ. ಬಿಟ್ಟುಕೊಂಡ ಜಾಗಕ್ಕೇ ಮತ್ತೆ ಕೂರಿಸಬೇಕು. ಸೂಜಿಯಲ್ಲಿ ಗುರುತು ಮಾಡಿದ್ದೆ, ಆದರೂ ಎರಡು ಸಲ ತಪ್ಪಿತು. ಎದುರು ಬೀದಿಯ ನೀರಿನ ಟ್ಯಾಂಕು ಇನ್ಫಿನಿಟಿಯಲ್ಲೂ, ಅಂದರೆ ಅತಿ ದೂರಕ್ಕೆ ಫೋಕಸ್ ಇಟ್ಟರೂ, ಮಸುಕು ಮಸುಕು. ಮೂರನೇ ಸಲ ಟ್ಯಾಂಕಿನ ಏಣಿಯ ಮೆಟ್ಟಿಲು ಎಣಿಸುವಷ್ಟು ಸ್ಪಷ್ಟ ಬಂತು. ಸತ್ಯ ಹೇಳ್ತೀನಿ, ಕೂಗಿಬಿಟ್ಟೆ.

ಇನ್ನು ಆ ಉಳಿದದ್ದು. ಹಿಂದಿನ ಗಾಜಿನಲ್ಲಿ ಬೂಷ್ಟು ಕೋಟಿಂಗನ್ನೇ, ಅಂದರೆ ಗಾಜಿನ ಮೇಲಿನ ತೆಳು ಲೇಪವನ್ನೇ, ತಿಂದಿದೆ. ಕೂದಲೆಳೆಯಂಥ ಒಂದು ಗುರುತು, ಅದು ಹೋಗಲ್ಲ. ಪಾಲಿಶ್ ಹಾಕಿ ಉಜ್ಜು ಅಂತ ಒಬ್ಬರು ಹೇಳಿದರು, ನಾನು ಒಪ್ಪಲಿಲ್ಲ. ಇದ್ದಬದ್ದ ಕೋಟಿಂಗೂ ಹೋಗುತ್ತೆ ಅಲ್ವಾ? ಸೂರ್ಯನಿಗೆ ಎದುರು ಹಿಡಿದರೆ ಚಿತ್ರ ಸ್ವಲ್ಪ ಮಂಕಾಗುತ್ತೆ, ಬೇರೆ ಕಡೆ ಗೊತ್ತೇ ಆಗಲ್ಲ. ಟೆರೇಸಿನಲ್ಲಿ ಮಗಳ ಫೋಟೋ ತೆಗೆದೆ, ಹಿಂದಿನ ನುಗ್ಗೆ ಮರದ ಎಲೆಗಳೆಲ್ಲ ಅವಳ ತಲೆ ಸುತ್ತ ಸುಳಿಯಾಗಿ ತಿರುಗಿವೆ. ಈ ಲೆನ್ಸಿಗೆ ಜನ ಹುಚ್ಚಾಗುವುದೇ ಇದಕ್ಕೆ. ಕಳಿಸುತ್ತೇನೆ, ಅಪ್ಪಯ್ಯನಿಗೆ ತೋರಿಸು.

ಕೊರಿಯರ್ ಮಾಡಲ್ಲ, ದೀಪಾವಳಿಗೆ ನಾನೇ ತರುತ್ತೇನೆ. ಅಷ್ಟರೊಳಗೆ ರಬ್ಬರ್ ಇರುವ ಬಿಗಿ ಮುಚ್ಚಳದ ಡಬ್ಬ ಒಂದು, ತೇವ ಹೀರುವ ಸಿಲಿಕಾ ಜೆಲ್ ಒಂದಿಷ್ಟು ತಂದಿಡು. ಅಕ್ಕಿ ಡಬ್ಬದಲ್ಲಿ ಇಡ್ತೀನಿ ಅಂದಿದ್ದೆಯಲ್ಲ, ಬೇಡ, ಧೂಳು. ಆ ಲೆದರ್ ಕೇಸನ್ನು ಅಪ್ಪಯ್ಯ ಬಿಸಾಡಲು ಬಿಡಲ್ಲ, ಗೊತ್ತು. ಇರಲಿ, ಗೋಡೆಗೆ ನೇತುಹಾಕಿ. ಲೆನ್ಸನ್ನು ಮಾತ್ರ ಅದರೊಳಗೆ ಹಾಕ್ಬೇಡಿ.

ನಿನ್ನ,
ಬಾಲ್ಕನಿಯಲ್ಲಿ ಉಂಡವನು