ಬುಧವಾರದ ಓದಿಗೆ: ಕದ್ದ ಹಣ್ಣಿನ ಕಥೆ

ಎಲ್ಲರಿಗೂ ವಂದನೆಗಳು. ಆಗಸ್ಟ್ 27 ಸಂತ ಮೋನಿಕಾ ಅವರ ಹಬ್ಬ, ಮರುದಿನ ಮಗ ಸಂತ ಅಗಸ್ಟೀನರದು. ಹಾಗಾಗಿ ಈ ಬುಧವಾರ ಸಂಜೆ 7ಕ್ಕೆ ಅಗಸ್ಟೀನರ ಆತ್ಮಕಥೆ ‘ಕನ್ಫೆಷನ್ಸ್’ನ ಎರಡನೇ ಭಾಗ ಓದೋಣ.

ಆಗ ಅಗಸ್ಟೀನ್ ಹದಿನಾರರ ಹುಡುಗ. ನಡುರಾತ್ರಿ ಗೆಳೆಯರ ಜೊತೆ ಹೋಗಿ ನೆರೆಯವರ ಪಿಯರ್ ಮರ ಅಲ್ಲಾಡಿಸಿ ಹೊರೆಗಟ್ಟಲೆ ಹಣ್ಣು ಕದ್ದ. ಬಾಯಿಗೆ ಹೋದದ್ದು ಒಂದಿಷ್ಟು, ಮಿಕ್ಕಿದ್ದೆಲ್ಲ ಹಂದಿಗಳಿಗೆ. ಹಸಿವಿರಲಿಲ್ಲ, ಅದಕ್ಕಿಂತ ಒಳ್ಳೆ ಹಣ್ಣು ಅವನ ಬಳಿಯೇ ಇತ್ತು! ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. “ಬಾರೋ ಹೋಗೋಣ” ಅಂದವರ ಮುಂದೆ ಹಿಂಜರಿಯುವುದೇ ನಾಚಿಕೆ ಅನ್ನಿಸುವ ವಯಸ್ಸು. ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ?

ನನಗೆ ಹಿಡಿಸಿದ ಮಾತು ಇನ್ನೊಂದಿದೆ. ಮಾಡಿದ ಪಾಪಕ್ಕೆ ಸಿಕ್ಕ ಕ್ಷಮೆಯಷ್ಟೇ ಅಲ್ಲ, ತಾನು ಮಾಡದೆ ಉಳಿದ ಪಾಪಗಳನ್ನೂ ಅವರು ದೇವರ ಕೃಪೆಯ ಲೆಕ್ಕಕ್ಕೇ ಬರೆಯುತ್ತಾರೆ.

ಜೊತೆಗಾರರಿಂದ ದಾರಿ ತಪ್ಪಿದವರನ್ನು ಮರಳಿ ತಂದದ್ದೂ ಜೊತೆಗಿದ್ದವರೇ: ತಾಯಿಯ ಕಣ್ಣೀರು, ಮಿಲಾನಿನ ಬಿಷಪ್ ಆಂಬ್ರೋಸರ ಉಪದೇಶ. 386ರಲ್ಲಿ ಮಿಲಾನಿನ ತೋಟದಲ್ಲಿ ಅಳುತ್ತ ಕೂತಿದ್ದಾಗ “ತೆಗೆದು ಓದು” ಎಂಬ ಮಗುವಿನ ದನಿ ಕೇಳಿಸಿತು. ಓದಿದ್ದು ಬೈಬಲಿನ ರೋಮನ್ನರಿಗೆ ಬರೆದ ಪತ್ರ, 13:13-14. ಜೊತೆಗಿದ್ದ ಗೆಳೆಯ ಅಲಿಪಿಯಸ್ ಮುಂದಿನ ವಾಕ್ಯ ತನಗೇ ಎಂದುಕೊಂಡ. 387ರ ಈಸ್ಟರ್‌ಗೆ ಇಬ್ಬರಿಗೂ ದೀಕ್ಷಾಸ್ನಾನ.

ಬೈಬಲ್ ಮರೆಯಬೇಡಿ. ನಿಮ್ಮ ನಿಮ್ಮ ಪಾಪದ ಕಥೆ ಇಲ್ಲಿ ಹೇಳಬೇಕಿಲ್ಲ, ಅದಕ್ಕೆ ಫಾದರ್ ಇದ್ದಾರೆ. ಮನೆಯ ಹುಡುಗರನ್ನು ಕರೆತನ್ನಿ, ಅವರ ಗೆಳೆಯರನ್ನೂ.