ದಾಖಲಾತಿ ವಹಿಯ ಮೊದಲ ಸಾಲಿನಿಂದ

ಪುಟ್ಟಿಗೆ ಅಮ್ಮನ ಆಶೀರ್ವಾದ.

ನಿಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಪುಸ್ತಕದ ಕೆಲಸ ನಿನ್ನ ಹೆಗಲಿಗೆ ಬಂತು ಅಂದೆಯಲ್ಲ, ಸಮಿತಿಯವರು ಕೈಗೆ ಕೊಟ್ಟಿರುವ ‘ಗಣ್ಯರ ಪಟ್ಟಿ’ಯನ್ನು ಸದ್ಯಕ್ಕೆ ಮೇಜಿನ ಡ್ರಾಯರ್‌ನಲ್ಲಿ ಇಟ್ಟುಬಿಡು. ಗಣ್ಯರು ಎಲ್ಲೂ ಓಡಿಹೋಗುವುದಿಲ್ಲ. ಅವರಿಂದ ಹೊರಟ ಪುಸ್ತಕ ಸನ್ಮಾನಪತ್ರವಾಗಿ ಮುಗಿಯುತ್ತದೆ. ಆ ಶಾಲೆಗೆ ಬಂದವರು ಏನಾದರು ಅನ್ನುವುದು ತಿಳಿಯಬೇಕಾದರೆ ದಾಖಲಾತಿ ವಹಿಯ, ಅಂದರೆ ಅಡ್ಮಿಷನ್ ರಿಜಿಸ್ಟರಿನ, ಮೊದಲ ಸಾಲಿನಿಂದ ಬರಬೇಕು.

ಹಾಜರಿ ಪುಸ್ತಕಗಳು ಕೆಲವು ವರ್ಷಕ್ಕೆ ರದ್ದಿಗೆ ಹೋಗಿರುತ್ತವೆ. ದಾಖಲಾತಿ ವಹಿ ಮಾತ್ರ ಕಾಯಂ ದಾಖಲೆ, ಬೀರುವಿನ ತಳದಲ್ಲಾದರೂ ಇದ್ದೇ ಇರುತ್ತದೆ. ಜೊತೆಗೆ ಟಿ.ಸಿ. ಪುಸ್ತಕದ ಅಡಿಹಾಳೆಗಳನ್ನೂ ಎಸ್‌ಎಸ್‌ಎಲ್‌ಸಿ ಅಂಕಗಳ ವಹಿಯನ್ನೂ ಕೇಳು. ಮೂರನ್ನೂ ಎದುರಿಗಿಟ್ಟುಕೊಂಡರೆ ಒಂದು ಮಗು ಎಂದು ಬಂತು, ಎಂದು ಹೋಯಿತು, ಪಾಸಾಯಿತೋ ಇಲ್ಲವೋ ಅನ್ನುವಷ್ಟು ಖಚಿತವಾಗುತ್ತದೆ.

ವಹಿಯನ್ನು ಮನೆಗೆ ತರಬೇಡ. ಕಿಟಕಿಯ ಪಕ್ಕ ಮೇಜು ಎಳೆದುಕೊಂಡು, ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ಪುಟಪುಟವೂ ಫೋಟೋ ತೆಗೆ. ಹಳೆಯ ಶಾಯಿ ಮಾಸಿದ್ದರೆ ಬೆಳಕು ಓರೆಯಾಗಿ ಬೀಳುವಂತೆ ಪುಟವನ್ನು ತಿರುಗಿಸು. ನಿಬ್ಬು ಒತ್ತಿದ ಗೆರೆ ಕಾಣುತ್ತದೆ. ಬೆನ್ನು ಬಿಚ್ಚಿದ ವಹಿಯನ್ನು ಪೂರ್ತಿ ಅಗಲಿಸಬೇಡ, ಎರಡು ಕಡೆಗೂ ಪುಸ್ತಕ ಒತ್ತುಕೊಟ್ಟು ಅರ್ಧ ತೆರೆದಿಡು. ಲೆಕ್ಕ ಹಾಕಿ ನೋಡು: ವರ್ಷಕ್ಕೆ 60 ಮಕ್ಕಳಂತೆ 75 ವರ್ಷಕ್ಕೆ 4500 ಹೆಸರು. ಪುಟಕ್ಕೆ 25 ಅಂದರೂ 180 ಪುಟ. ಒಂದು ಪುಟ ಟೈಪ್ ಮಾಡಿ ತಾಳೆ ನೋಡಲು ಮುಕ್ಕಾಲು ಗಂಟೆ ಹಿಡಿದರೆ 135 ಗಂಟೆ. ವಾರ್ಷಿಕೋತ್ಸವಕ್ಕೆ ಎರಡು ತಿಂಗಳಿದೆ ಅನ್ನುವಾಗ ಶುರುಮಾಡುವ ಕೆಲಸವಲ್ಲ ಇದು.

ಟೈಪಿಂಗ್ ಯೂನಿಕೋಡ್‌ನಲ್ಲೇ ಆಗಲಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದರೆ ನೋಡಲು ಚೆನ್ನಾಗಿರುತ್ತದೆ, ಹುಡುಕಿದರೆ ಒಂದೂ ಸಿಗುವುದಿಲ್ಲ. ಎಕ್ಸೆಲ್‌ನಲ್ಲಿ ತಾರೀಖಿನ ಕಲಂ ಅನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೋ. ಇಸವಿಯನ್ನು ಎರಡೇ ಅಂಕಿಯಲ್ಲಿ ಕೊಟ್ಟರೆ 28 ಎಂಬುದನ್ನು ಅದು 2028 ಮಾಡಿ ಕೂರಿಸುತ್ತದೆ. 1900ಕ್ಕೆ ಮುಂಚಿನದನ್ನಂತೂ ತಾರೀಖು ಅಂತಲೇ ಒಪ್ಪುವುದಿಲ್ಲ. ದಾಖಲಾತಿ ಸಂಖ್ಯೆಯ ಜೊತೆ ವಹಿಯ ಸಂಖ್ಯೆಯನ್ನೂ ಬರೆ. ಹೊಸ ವಹಿ ಹಾಕಿದಾಗ ಕೆಲವರು ಮತ್ತೆ 1ರಿಂದ ಎಣಿಸಿರುತ್ತಾರೆ, ಆಗ ಒಂದೇ ಸಂಖ್ಯೆಗೆ ಇಬ್ಬರು ಮಕ್ಕಳು.

ಹುಟ್ಟಿದ ದಿನವನ್ನು ನಂಬಿ ಏನನ್ನೂ ಕಟ್ಟಬೇಡ. ಹುಟ್ಟಿನ ದಾಖಲೆ ಇಲ್ಲದ ಕಾಲದಲ್ಲಿ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಬೆರಳು ಕಿವಿಗೆ ತಾಗಿದರೆ ಶಾಲೆಗೆ ಬರುವ ವಯಸ್ಸು. ಆಮೇಲೆ ಮೇಷ್ಟ್ರು ಅಂದಾಜಿನ ಮೇಲೆ ಇಸವಿ ಕಟ್ಟಿ, ಜೂನ್ 1 ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಅದಕ್ಕೇ ಒಂದೇ ತರಗತಿಯಲ್ಲಿ ಸಾಲಾಗಿ ಜೂನ್ 1ರವರು ಸಿಗುತ್ತಾರೆ. ಇಬ್ಬರು ‘ಎಂ. ಲಕ್ಷ್ಮಮ್ಮ’ರನ್ನು ಬೇರೆ ಮಾಡಲು ಹುಟ್ಟಿದ ದಿನ ಸಾಲದು, ತಂದೆಯ ಹೆಸರೂ ಊರೂ ಬೇಕು.

ಹೆಸರಿನ ವಿಷಯದಲ್ಲೇ ಹೆಚ್ಚು ಎಡವುವುದು. ಹಳೇ ಮೈಸೂರಿನ ಕಡೆ ಇನಿಷಿಯಲ್‌ನಲ್ಲಿ ಊರು ಅಡಗಿರುತ್ತದೆ. ಎಚ್. ನರಸಿಂಹಯ್ಯನವರ ಎಚ್ ಹೊಸೂರು, ಸಿ.ಎನ್.ಆರ್. ರಾಯರ ಸಿ ಚಿಂತಾಮಣಿ, ಕೆ.ವಿ. ಪುಟ್ಟಪ್ಪನವರ ಕೆ ಕುಪ್ಪಳಿ. ಧಾರವಾಡದ ಕಡೆ ಅಡ್ಡಹೆಸರು ಕೊನೆಗೆ ಬರುತ್ತದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಅಂದಾಗ ನಡುವಿನದು ಅಪ್ಪನ ಹೆಸರು. ಕೊಡಗಿನಲ್ಲಿ ಮನೆತನವೇ ಮುಂದೆ: ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹೀಗಾಗಿ ಹೆಸರಿಗೆ ಒಂದೇ ಕಲಂ ಮಾಡಬೇಡ. ವಹಿಯಲ್ಲಿದ್ದಂತೆ ಒಂದು, ಊರಿಗೆ ಒಂದು, ತಂದೆಗೆ ಒಂದು, ಮನೆತನ ಅಥವಾ ಅಡ್ಡಹೆಸರಿಗೆ ಒಂದು, ಈಗ ಜನ ಕರೆಯುವ ಹೆಸರಿಗೆ ಇನ್ನೊಂದು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದವರನ್ನೇ ನೋಡು. ಅಲ್ಲಿಂದ 1947ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಸಿ.ಎನ್.ಆರ್. ರಾವ್ ವಿಜ್ಞಾನಿಯಾಗಿ ಭಾರತರತ್ನದವರೆಗೆ ಅದೇ ಹೆಸರಿನಲ್ಲಿ ಹೋದರು. ಅದೇ ಸಂಸ್ಥೆಯಲ್ಲಿ ಓದಿದ ಶಿವಾಜಿ ರಾವ್ ಗಾಯಕ್ವಾಡ್ ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದು, ಮದರಾಸಿಗೆ ಹೋಗಿ ರಜನೀಕಾಂತ್ ಆದರು. ಎರಡನೆಯವರನ್ನು ಈಗಿನ ಹೆಸರಿನಲ್ಲಿ ಯಾವ ವಹಿಯಲ್ಲಿ ಹುಡುಕುತ್ತೀಯ?

ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ಮದುವೆಯಾದ ಮೇಲೆ ಇನಿಷಿಯಲ್ ಬದಲು, ಊರು ಬದಲು, ಕೆಲವು ಮನೆಗಳಲ್ಲಿ ಹೆಸರೇ ಬದಲು. ಗಂಡನ ಮನೆಯ ಕಡೆಯಿಂದ ಹುಡುಕಿದರೆ ಸಿಗುವುದಿಲ್ಲ, ತವರಿನಿಂದ ಹೊರಡು. ವಹಿಯಲ್ಲಿರುವ ಅಪ್ಪನ ಹೆಸರು ಹೇಳಿ ‘ಇವರ ಮನೆ ಮಕ್ಕಳು ಈಗ ಎಲ್ಲಿದ್ದಾರೆ’ ಅಂತ ಆ ಬೀದಿಯ ಹಿರಿಯ ಹೆಂಗಸರನ್ನು ಕೇಳು. ಗಂಡಸರನ್ನು ಕೇಳಿದರೆ ಅಣ್ಣತಮ್ಮಂದಿರ ಲೆಕ್ಕ ಕೊಟ್ಟು ಎದ್ದುಹೋಗುತ್ತಾರೆ.

4500 ಜನರನ್ನೂ ಹುಡುಕುತ್ತೇನೆ ಅಂತ ಹೊರಟರೆ ಯಾರೂ ಪೂರ್ತಿ ಆಗುವುದಿಲ್ಲ. ಹತ್ತು ವರ್ಷಕ್ಕೊಂದರಂತೆ ಬ್ಯಾಚು ಆರಿಸಿಕೋ: 1955, 1965, 1975, 1985. ಆ ಬ್ಯಾಚಿನ ಅಷ್ಟೂ ಜನರ ಹಿಂದೆ ಬೀಳು. ಪಾಸಾದವರು, ನಪಾಸಾದವರು, ನಡುವೆ ಬಿಟ್ಟವರು, ತೀರಿಕೊಂಡವರು, ಎಲ್ಲರೂ. ತಾಲ್ಲೂಕಿನ ನಿವೃತ್ತ ನೌಕರರ ಸಂಘ, ಹಳೆಯ ಪೋಸ್ಟ್‌ಮ್ಯಾನ್, ನ್ಯಾಯಬೆಲೆ ಅಂಗಡಿಯವರು, ಇವರ ಮುಂದೆ ಒಂದು ಬ್ಯಾಚಿನ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ಮಾಡಿ ಇಡು. ಹೆಸರು ಬಾಯಲ್ಲಿ ಕೇಳಿದರೆ ನೆನಪಾಗದ್ದು ಪಟ್ಟಿ ಕಂಡರೆ ನೆನಪಾಗುತ್ತದೆ. ವಾಟ್ಸಾಪ್ ಗುಂಪು ಆಮೇಲೆ. ಅಲ್ಲಿ ಚೆನ್ನಾಗಿ ಬದುಕಿದವರು ಮಾತ್ರ ಇರುತ್ತಾರೆ.

‘ಏನಾಗಿದ್ದೀರಿ?’ ಅಂತ ಕೇಳಬೇಡ. ಎಲ್ಲರೂ ಕೊನೆಯ ಹುದ್ದೆ ಹೇಳುತ್ತಾರೆ. ಮೊದಲ ಕೆಲಸ ಯಾವುದು, ಅದರ ಸುದ್ದಿ ಹೇಳಿದವರು ಯಾರು, ಮೊದಲ ಸಂಬಳ ಎಷ್ಟು, ಹೊಸ ಊರಿನಲ್ಲಿ ಮೊದಲ ರಾತ್ರಿ ಮಲಗಿದ್ದು ಯಾರ ಮನೆಯಲ್ಲಿ ಅಂತ ಕೇಳು. ದಾರಿ ಅಲ್ಲಿ ಕಾಣುತ್ತದೆ. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಕಾರ್ಖಾನೆಗಳು ಶುರುವಾದ ಮೇಲೆ ಸುತ್ತಲಿನ ಜಿಲ್ಲೆಗಳಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಅಪ್ರೆಂಟಿಸ್ ಆಗಿ ಒಳಗೆ ಹೋಗುವ ಬಾಗಿಲು ಸಿಕ್ಕಿತು. ಶಿವಮೊಗ್ಗದ ಕಡೆಯವರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇತ್ತು. ಕರಾವಳಿಯವರಿಗೆ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯ, ಹೀಗೆ ಅಲ್ಲೇ ಹುಟ್ಟಿದ ಬ್ಯಾಂಕುಗಳು. ಟೈಪಿಂಗ್ ಜೂನಿಯರ್, ಸೀನಿಯರ್ ಮಾಡಿಕೊಂಡವರು ಕಚೇರಿಗಳಿಗೆ ಹೋದರು, ಟಿ.ಸಿ.ಎಚ್. ಅನ್ನುವ ಶಿಕ್ಷಕರ ತರಬೇತಿ ಮಾಡಿದವರು ಶಾಲೆಗೇ ವಾಪಸ್ ಬಂದರು. ಅದೇ ಬ್ಯಾಚಿನಲ್ಲಿ ಒಬ್ಬ ಹೋಗಿ ಸೇರಿದ ಕಡೆಗೆ ಮರುವರ್ಷ ಇನ್ನಿಬ್ಬರು ಹೋಗಿರುತ್ತಾರೆ. ಅದನ್ನು ಬಾಣದ ಗುರುತು ಹಾಕಿ ಬರೆದಿಟ್ಟುಕೋ, ಪುಸ್ತಕದ ಅತಿ ಒಳ್ಳೆಯ ಪುಟ ಅದೇ ಆದೀತು.

‘ಬಿಟ್ಟ ಕಾರಣ’ದ ಕಲಂ ನೋಡಿ ಬದುಕು ಅಲ್ಲಿಗೇ ನಿಂತಿತು ಅಂದುಕೊಳ್ಳಬೇಡ. ದಕ್ಷಿಣ ಕನ್ನಡದ ಶಾಲೆಗಳಿಂದ ಅರ್ಧಕ್ಕೆ ಬಿಟ್ಟು ಮುಂಬಯಿಯ ಹೋಟೆಲುಗಳಿಗೆ ಹೋದ ಹುಡುಗರಲ್ಲಿ ಎಷ್ಟೋ ಮಂದಿ ಹಗಲು ಲೋಟ ತೊಳೆದು, ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದು ಮುಗಿಸಿದರು. ನಿಮ್ಮ ವಹಿಯಲ್ಲಿ ಅಂಥವನು ಬರೀ ‘ಗೈರುಹಾಜರಿ, ಹೆಸರು ತೆಗೆದಿದೆ’.

ರಾಜ್ಯ ಒಂದಾದ 1956ಕ್ಕೆ ಮುಂಚಿನದನ್ನು ಓದುವಾಗ ಯಾವ ಸೀಮೆ ಅಂತ ನೋಡಿಕೋ. ಮೈಸೂರು ಸಂಸ್ಥಾನದಲ್ಲಿ ಎಲ್.ಎಸ್. (ಲೋಯರ್ ಸೆಕೆಂಡರಿ) ಪರೀಕ್ಷೆ, ತರಗತಿಗೆ ಫಾರಂ ಅನ್ನುವ ಲೆಕ್ಕ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಡೆ ಮುಲ್ಕಿ, ಮ್ಯಾಟ್ರಿಕ್. ‘ಮುಲ್ಕಿ ಪಾಸ್’ ಅಂದರೆ ಏಳನೆಯ ಇಯತ್ತೆ ಮುಗಿಸಿದವರು. ಅಷ್ಟಕ್ಕೇ ಮಾಸ್ತರರಾಗುತ್ತಿದ್ದ ಕಾಲ ಅದು, ಇವತ್ತಿನ ಏಳನೆಯ ತರಗತಿ ಅಂತ ಅಡಿಟಿಪ್ಪಣಿ ಹಾಕಿ ಅವರನ್ನು ಕುಗ್ಗಿಸಬೇಡ.

ಗಣ್ಯರ ಪಟ್ಟಿಯನ್ನು ಡ್ರಾಯರ್‌ನಿಂದ ತೆಗೆಯುವುದು ಈಗ. ಒಬ್ಬೊಬ್ಬರನ್ನೂ ವಹಿಯ ಜೊತೆ ತಾಳೆ ನೋಡು. ದೊಡ್ಡವರಾದವರನ್ನು ನಾಲ್ಕು ಶಾಲೆಯವರು ನಮ್ಮವರು ಅನ್ನುತ್ತಾರೆ, ಹಲವು ಸಲ ನಾಲ್ವರದೂ ನಿಜವೇ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು ಕೂನೂರಿನಲ್ಲಿ, ಬೆಂಗಳೂರಿನ ಬಿಷಪ್ ಕಾಟನ್‌ನಲ್ಲಿ, ಡೆಹ್ರಾಡೂನಿನಲ್ಲಿ ಓದಿದವರು. ಎಚ್. ನರಸಿಂಹಯ್ಯನವರ ಹೆಸರನ್ನು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿನ ಜೊತೆ ಹೇಳುತ್ತೇವೆ, ಆದರೆ ಗೌರಿಬಿದನೂರಿನ ಪಕ್ಕದ ಹೊಸೂರಿನ ಪ್ರಾಥಮಿಕ ಶಾಲೆಯೂ ಅವರನ್ನು ಓದಿಸಿದ್ದೇ. ಅದಕ್ಕೆ ‘ನಮ್ಮ ವಿದ್ಯಾರ್ಥಿ’ ಅನ್ನುವ ಬದಲು ಯಾವ ತರಗತಿಯಿಂದ ಯಾವ ತರಗತಿವರೆಗೆ ಅಂತ ಬರೆ. ವಹಿಯಲ್ಲಿ ಹೆಸರು ಸಿಗದಿದ್ದರೆ, ಸಮಿತಿಯ ಅಧ್ಯಕ್ಷರು ಎಷ್ಟೇ ಮುಖ ದಪ್ಪ ಮಾಡಿದರೂ, ಸೇರಿಸಬೇಡ.

ಅಚ್ಚಿಗೆ ಹೋಗುವ ಪ್ರತಿಯಲ್ಲಿ ಜಾತಿಯ ಕಲಂ, ಫೋನ್ ನಂಬರು, ಮನೆ ವಿಳಾಸ ಇರಬಾರದು. ನಪಾಸು ಅನ್ನುವುದನ್ನು ಅವರವರು ಒಪ್ಪಿದರೆ ಮಾತ್ರ ಹಾಕು. ಬರೆದದ್ದನ್ನು ಅವರಿಗೇ ಓದಿಹೇಳಿ ಸಹಿ ಮಾಡಿಸಿಕೋ. ಕಣ್ಣು ಮಂಜಾದವರೇ ಹೆಚ್ಚು, ಕೈಗೆ ಹಾಳೆ ಕೊಟ್ಟು ಬರಬೇಡ. ಗ್ರೂಪ್ ಫೋಟೋ ಸಿಕ್ಕರೆ ಕಟ್ಟು ಬಿಚ್ಚದೆ, ಕೆಳಗಿನ ಹೆಸರುಗಳ ಪಟ್ಟಿಯೂ ಬರುವಂತೆ ತೆಗೆ. ಹೆಸರುಗಳು ಒಂಬತ್ತು, ತಲೆಗಳು ಹತ್ತು ಇದ್ದರೆ ಮೊದಲು ಜವಾನನನ್ನು ಹುಡುಕು, ಪಟ್ಟಿಯಲ್ಲಿ ಬಿಟ್ಟುಹೋಗುವುದು ಸಾಮಾನ್ಯವಾಗಿ ಅವನೇ.

ಮುಂಗಾರು ಹಿಡಿಯುವ ಮೊದಲು ಆ ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಸು, ಕೆಳಗಿನ ಅರೆಯ ವಹಿಗಳನ್ನು ಮೇಲಕ್ಕೆ ಹಾಕಿಸು. ಗೆದ್ದಲು ತಳದಿಂದಲೇ ಹತ್ತುವುದು, ಮತ್ತೆ ಮೊದಲ ವಹಿ ಇರುವುದೂ ತಳದಲ್ಲೇ.

ಇಂತಿ,
ಅಮ್ಮ