ಶಾಸಕರೇ, ನಿಮ್ಮ ಲೆಟರ್‌ಹೆಡ್ ಸ್ವಲ್ಪ ಒಳಗಿಡಿ: ಸ್ಕಾಲರ್‌ಶಿಪ್ ವಿಚಾರವಾಗಿ ಒಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ ಸಾರ್,

ನಿಮ್ಮ ಹೆಸರು ಹಾಕಿಲ್ಲ, ಊರೂ ಬರ್ದಿಲ್ಲ. ಪಕ್ಕದ ತಾಲ್ಲೂಕಿನ ಶಾಸಕರು ಓದ್ಕೊಂಡ್ರೂ ಅವರಿಗೂ ಅಷ್ಟೇ ಹೊಂದುತ್ತೆ, ಹಂಗಾಗಿ ನಿಮ್ಮೊಬ್ರನ್ನೇ ಗುರಿ ಮಾಡಿದಾನೆ ಅಂತ ಅಂದ್ಕೋಬೇಡಿ. ನಾನು ಪಿಯು ಕಾಲೇಜಲ್ಲಿ ಪಾಠ ಮಾಡೋನು, ಆದ್ರೆ ಜೂನ್ ಬಂತು ಅಂದ್ರೆ ಪಾಠಕ್ಕಿಂತ ಜಾಸ್ತಿ ಹುಡುಗ್ರ ಸ್ಕಾಲರ್‌ಶಿಪ್ ಅರ್ಜಿ ತುಂಬೋದೇ ಕೆಲ್ಸ ಆಗೋಗುತ್ತೆ. ಸರ್ಕಾರದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕೋ ಎಸ್‌ಎಸ್‌ಪಿ ಪೋರ್ಟಲ್‌ದು ಒಂದು ದೊಡ್ಡ ಪುರಾಣ, ಅದನ್ನ ಇವತ್ತು ತೆಗೆಯಲ್ಲ. ಇವತ್ತು ಹೇಳ್ಬೇಕಿರೋದು ಖಾಸಗಿ ಟ್ರಸ್ಟು, ಫೌಂಡೇಶನ್ನು, ಸಮುದಾಯದ ಸಂಘಗಳು ಕೊಡೋ ವಿದ್ಯಾರ್ಥಿವೇತನದ ವಿಷ್ಯ, ಅದ್ರಲ್ಲಿ ನಿಮ್ಮ ಶಿಫಾರಸು ಪತ್ರ ಏನು ಕೆಲ್ಸ ಮಾಡ್ತಿದೆ ಅನ್ನೋ ವಿಷ್ಯ.

ಹೋದ ವರ್ಷ ನಮ್ಮ ಕಡೆಯ ಒಂದು ಟ್ರಸ್ಟಿನೋರು ಅರ್ಜಿ ಪರಿಶೀಲನೆಗೆ ಬನ್ನಿ ಮೇಷ್ಟ್ರೇ ಅಂತ ಕರೆದಿದ್ರು, ಹೋಗಿದ್ದೆ. ಸಮುದಾಯ ಭವನದ ಹಿಂದಿನ ರೂಮು, ಟೇಬಲ್ ಮೇಲೆ ಎರಡು ಕಟ್ಟು ಅರ್ಜಿ. ದೊಡ್ಡ ಕಟ್ಟಿಗೆ ಬರೀ ದಾರ ಕಟ್ಟಿದ್ರು. ಸಣ್ಣ ಕಟ್ಟು ಬೇರೆ ಫೈಲಲ್ಲಿತ್ತು, ಅದ್ರಲ್ಲಿ ಪ್ರತಿ ಅರ್ಜಿಗೂ ಒಂದೊಂದು ಲೆಟರ್‌ಹೆಡ್ ಪಿನ್ ಮಾಡಿತ್ತು: ನಿಮ್ದು, ನಿಮ್ಮ ಹಿಂದಿನ ಶಾಸಕರದ್ದು, ಜಿಲ್ಲಾ ಪಂಚಾಯ್ತಿ ಮಾಜಿ ಸದಸ್ಯರದ್ದು, ಒಂದೆರಡು ಮಠದ್ದು. ಮೂಲೇಲಿ ಪೆನ್ಸಿಲ್ಲಲ್ಲಿ ಗುರುತು ಬೇರೆ. "ಇವನ್ನ ನೋಡೋದು ಬೇಡ ಸಾರ್, ಇವು ಆಗಿರೋವೇ, ಮಿಕ್ಕಿರೋದಕ್ಕೆ ಆ ಕಟ್ಟಲ್ಲಿ ಆರಿಸ್ಕೊಡಿ" ಅಂತ ದೊಡ್ಡ ಕಟ್ಟು ನನ್ನ ಕಡೆ ತಳ್ಳಿದ್ರು. ಅಂದ್ರೆ ಮೆರಿಟ್ಟು, ಬಡತನ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ ಎಲ್ಲಾ ದೊಡ್ಡ ಕಟ್ಟಿಗೆ ಮಾತ್ರ.

ನಿಮ್ಮ ಕಷ್ಟಾನೂ ನಂಗೆ ಅರ್ಥ ಆಗುತ್ತೆ. ಬೆಳಗ್ಗೆ ಏಳಕ್ಕೆ ಮನೆ ಮುಂದೆ ಜನ ನಿಂತಿರ್ತಾರೆ, ಒಬ್ಳು ತಾಯಿ ಮಗನ ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಅಳ್ತಾ ಬಂದ್ರೆ ಇಲ್ಲಾ ಹೋಗಮ್ಮ ಅನ್ನೋಕೆ ಯಾರಿಗೂ ಮನಸ್ಸು ಬರಲ್ಲ, ನಿಮ್ಮ ಪಿಎ ಒಂದು ಪತ್ರ ಟೈಪ್ ಮಾಡ್ತಾರೆ, ನೀವು ಸೈನ್ ಹಾಕ್ತೀರ, ಅವಳಿಗೂ ಸಮಾಧಾನ ನಿಮಗೂ ಸಮಾಧಾನ. ಆ ಸಣ್ಣ ಕಟ್ಟಲ್ಲಿ ಇದ್ದೋರೆಲ್ಲ ಉಳ್ಳೋರು ಅಂತ ನಾನು ಹೇಳ್ತಿಲ್ಲ, ನಿಜವಾಗ್ಲೂ ಬಡವರೂ ಇದ್ರು. ಆದ್ರೆ ನಿಮ್ಮ ಮನೆವರೆಗೆ ಬರೋಕೆ ಗೊತ್ತಿರೋ ಬಡವರು ಅವರು. ಯಾರ ಮೂಲಕ ಬರ್ಬೇಕು, ಯಾವ ಕಾರ್ಯಕರ್ತನ ಹಿಡೀಬೇಕು ಅಂತ್ಲೇ ಗೊತ್ತಿಲ್ದಿರೋರು ದೊಡ್ಡ ಕಟ್ಟಲ್ಲಿ ಉಳ್ಕೊಂಡ್ರು, ಅದ್ರಲ್ಲಿ ಎಷ್ಟೋ ಜನ ಅವರಿಗಿಂತ ಇನ್ನೂ ಬಡವರು.

ಟ್ರಸ್ಟಿನೋರು ಯಾಕೆ ನಿಮ್ಮ ಪತ್ರಕ್ಕೆ ಇಲ್ಲ ಅನ್ನಲ್ಲ ಅಂತ ನಿಮಗೂ ಗೊತ್ತು. ಅವರಿಗೆ ಸಿಎ ಸೈಟ್ (ಸಾರ್ವಜನಿಕ ಸೌಲಭ್ಯಕ್ಕೆ ಅಂತ ಮೀಸಲಿಟ್ಟ ಜಾಗ) ಬೇಕು, ಭವನಕ್ಕೆ ಅನುದಾನ ಬೇಕು, ಮುಂದೆ ರಸ್ತೆ ಕಾಂಕ್ರೀಟ್ ಆಗ್ಬೇಕು. ಹಂಗಾಗಿ ನೀವು "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ" ಅಂತ ಎಷ್ಟೇ ಮೆತ್ತಗೆ ಬರೆದ್ರೂ ಅಲ್ಲಿ ಅದನ್ನ ಓದೋದು ಆರ್ಡರ್ ಅಂತ್ಲೇ.

ಇನ್ನು ಅರ್ಜಿ ಫಾರಂ ಅನ್ನೇ ನೋಡಿ. ನಾನು ನೋಡಿರೋ ಎಷ್ಟೋ ಟ್ರಸ್ಟಿನ ಫಾರಂಗಳ ಕೊನೇಲಿ "ಇಬ್ಬರು ಗಣ್ಯ ವ್ಯಕ್ತಿಗಳ ಪರಿಚಯ ಪತ್ರ ಲಗತ್ತಿಸಿ" ಅಂತ ಒಂದು ಸಾಲು ಇರುತ್ತೆ. ಗಾರ್ಮೆಂಟ್ಸ್‌ಗೆ ಹೋಗೋ ತಾಯಿಯ ಮಗಳಿಗೆ ಯಾವ ಗಣ್ಯರು ಪರಿಚಯ ಸ್ವಾಮಿ? ಅವಳಿಗೆ ಗೊತ್ತಿರೋ ದೊಡ್ಡ ಮನುಷ್ಯ ಅಂದ್ರೆ ಅವರಮ್ಮನ ಲೈನ್ ಸೂಪರ್‌ವೈಸರ್ರು. ಕೊನೆಗೆ ನಾನೇ ಒಂದು ಬರ್ಕೊಡ್ತೀನಿ, ಪ್ರಿನ್ಸಿಪಾಲ್ರು ಇನ್ನೊಂದು ಬರ್ಕೊಡ್ತಾರೆ, ಆದ್ರೆ ನಮ್ಮ ಪತ್ರಕ್ಕೂ ನಿಮ್ಮ ಪತ್ರಕ್ಕೂ ಒಂದೇ ತೂಕಾನ?

ಆದಾಯ ಪ್ರಮಾಣಪತ್ರದ ಕಥೆ ಇದಕ್ಕಿಂತ ಮಜಾ ಇದೆ. ಆ ಗಾರ್ಮೆಂಟ್ಸ್ ತಾಯಿಗೆ ಪಿಎಫ್ ಇದೆ, ಇಎಸ್‌ಐ ಇದೆ, ಸಂಬಳ ಬ್ಯಾಂಕಿಗೇ ಬರುತ್ತೆ, ಒಂದು ರೂಪಾಯಿನೂ ಮುಚ್ಚಿಡೋಕಾಗಲ್ಲ. ಅದೇ ಎರಡು ಟಿಪ್ಪರ್ ಓಡಿಸೋ ಕಂಟ್ರಾಕ್ಟರ್ ನಾಡಕಚೇರಿಗೆ ಹೋಗಿ ವರ್ಷಕ್ಕೆ ಅವಳಿಗಿಂತ ಕಮ್ಮಿ ಆದಾಯ ಅಂತ ಬರೆಸ್ಕೊಂಡು ಬರ್ತಾನೆ, ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ಸಮೇತ, ಕಾಗದದಲ್ಲಿ ಒಂದು ತಪ್ಪೂ ಇರಲ್ಲ. ಕಾಗದ ನೋಡಿ ಮಾತ್ರ ಕೊಡೋ ಟ್ರಸ್ಟಲ್ಲಿ ಯಾರಿಗೆ ಸಿಗುತ್ತೆ ಹೇಳಿ. ಮನೆಗೆ ಒಂದ್ಸಲ ಹೋಗಿ ಬಂದ್ರೆ ಅರ್ಧ ಗಂಟೇಲಿ ಗೊತ್ತಾಗುತ್ತೆ, ಮನೆ ಮುಂದೆ ಏನ್ ನಿಂತಿದೆ, ಒಳಗೆ ಏನಿದೆ ಅಂತ. ಆದ್ರೆ ಮನೆಗೆ ಹೋಗೋಕೆ ಜನ ಬೇಕು, ಸಮಯ ಬೇಕು, ಸಮಾರಂಭಕ್ಕೆ ಶಾಮಿಯಾನ ಹಾಕಿಸಿದಷ್ಟು ಸುಲಭ ಅಲ್ಲ ನೋಡಿ.

ಮಾರ್ಕ್ಸ್ ಕಟ್ ಆಫ್ ಇಟ್ಟಿದೀವಲ್ಲ, ಅಲ್ಲಿ ಯಾರ ಶಿಫಾರಸೂ ನಡೆಯಲ್ಲ ಅಂತಾರೆ. ಸರಿ, ಅದನ್ನೂ ನೋಡೋಣ. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ 83.89 ಪರ್ಸೆಂಟ್, 2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು (ಪರೀಕ್ಷಾ ಕೊಠಡೀನ ಕ್ಯಾಮೆರಾದಲ್ಲಿ ನೇರವಾಗಿ ನೋಡೋದು), ಕಾಪಿ ನಿಂತ್ಹೋಯ್ತು, ಗ್ರೇಸ್ ಮಾರ್ಕ್ಸ್ ಕೊಟ್ಟೂ 73.40ಕ್ಕೆ ಬಂತು. ಪರೀಕ್ಷೆ ನಡೆಯೋ ರೀತಿನೇ ಬದಲಾಗಿದೆ, ಆದ್ರೆ ಟ್ರಸ್ಟಿನ ಫಾರಂನಲ್ಲಿ ಎಷ್ಟೋ ವರ್ಷದ ಹಿಂದೆ ಯಾರೋ ಬರೆಸಿದ "ಶೇ. 85ಕ್ಕಿಂತ ಮೇಲ್ಪಟ್ಟು, ಪ್ರಥಮ ಪ್ರಯತ್ನ" ಅನ್ನೋದು ಹಂಗೇ ಇದೆ. ಈ ಪ್ರಥಮ ಪ್ರಯತ್ನ ಅನ್ನೋದಂತೂ ಈಗ ಅರ್ಥಾನೇ ಇಲ್ದಿರೋ ಮಾತು, 2024ರಿಂದ ಎಕ್ಸಾಮ್ 1, ಎಕ್ಸಾಮ್ 2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಅವಕಾಶ ಇದೆ, ಯಾವುದ್ರಲ್ಲಿ ಮಾರ್ಕ್ಸ್ ಚೆನ್ನಾಗಿದ್ಯೋ ಅದನ್ನೇ ಇಟ್ಕೋಬಹುದು ಅಂತ ಬೋರ್ಡೇ ಹೇಳಿದೆ, ಆದ್ರೆ ಎರಡನೇ ಎಕ್ಸಾಮ್ ರಿಸಲ್ಟ್ ಬರೋ ಹೊತ್ತಿಗೆ ಟ್ರಸ್ಟಿನ ಕೊನೇ ದಿನಾಂಕ ಮುಗಿದಿರುತ್ತೆ. ಊರಿಂದ ಎರಡು ಮೈಲಿ ನಡ್ಕೊಂಡು ಬಂದು ಸರ್ಕಾರಿ ಶಾಲೇಲಿ ಓದಿ 78 ತಗೊಂಡೋಳು ಔಟು, ಟ್ಯೂಷನ್ ಮೇಲೆ ಟ್ಯೂಷನ್ ಹಾಕಿಸಿ 88 ತಗೊಂಡೋನು ಒಳಗೆ.

ಇಂಟರ್‌ವ್ಯೂ ವಿಷ್ಯ ಹೆಚ್ಗೆ ಹೇಳಲ್ಲ. ಬೆಂಗಳೂರಿಗೆ ಬೆಳಗ್ಗೆ ಹತ್ತಕ್ಕೆ ಬಾ ಅಂತಾರೆ, ಹುಡುಗೀರು 2023ರಿಂದ ಶಕ್ತಿ ಯೋಜನೆ ಪುಣ್ಯದಿಂದ ಬಸ್ಸಲ್ಲಿ ಫ್ರೀ ಹೋಗ್ತಾರೆ, ಗಂಡು ಹುಡುಗ್ರು ಸಾಲ ಮಾಡ್ತಾರೆ, ಅಲ್ಲಿ ಹೋದ್ಮೇಲೆ ಮೊದಲ್ನೇ ಪ್ರಶ್ನೆ ಇಂಗ್ಲಿಷಲ್ಲಿ.

ಹಂಗಂತ ಎಲ್ಲಾ ಕಡೆ ಹಿಂಗೇ ಅಂತಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನೋರು ಕೊಡೋ ಸ್ಕಾಲರ್‌ಶಿಪ್ ನೋಡಿ. ಹತ್ತನೇ ಕ್ಲಾಸು, ಹನ್ನೆರಡನೇ ಕ್ಲಾಸು ಎರಡೂ ಸರ್ಕಾರಿ ಶಾಲೆ ಕಾಲೇಜಲ್ಲಿ ಪಾಸಾಗಿ ಡಿಗ್ರಿ ಅಥವಾ ಡಿಪ್ಲೊಮಾ ಮೊದಲ ವರ್ಷಕ್ಕೆ ಸೇರಿದ ಹೆಣ್ಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ, ಕೋರ್ಸ್ ಮುಗಿಯೋವರೆಗೆ, ಹುಡುಗಿಯ ಅಕೌಂಟಿಗೇ. ಅದ್ರಲ್ಲಿ ನಿಮ್ಮ ಪತ್ರ ಪಿನ್ ಮಾಡೋಕೆ ಜಾಗಾನೇ ಇಲ್ಲ. ಸರ್ಕಾರಿ ಶಾಲೇಲಿ ಓದಿದಾಳಾ ಇಲ್ವಾ ಅನ್ನೋದನ್ನ ಸುಳ್ಳು ಬರೆಸೋದೂ ಕಷ್ಟ, ಆದಾಯ ಪ್ರಮಾಣಪತ್ರಕ್ಕಿಂತ ಅದು ಬಡತನವನ್ನ ಚೆನ್ನಾಗಿ ತೋರಿಸುತ್ತೆ. ನಮ್ಮ ಸಣ್ಣ ಟ್ರಸ್ಟುಗಳ ಹತ್ರ ಅಷ್ಟು ದುಡ್ಡಿಲ್ಲ, ಎಲ್ರಿಗೂ ಕೊಡೋಕಾಗಲ್ಲ, ಒಪ್ಕೋತೀನಿ. ಹಂಗಾದ್ರೆ ಸರೋಜಿನಿ ದಾಮೋದರನ್ ಫೌಂಡೇಶನ್‌ನ ವಿದ್ಯಾಧನ್ ತರ ಮಾಡ್ಲಿ, ಅರ್ಜಿ ಆನ್‌ಲೈನು, ಆಮೇಲೆ ಟೆಸ್ಟು, ಆಮೇಲೆ ಸಂದರ್ಶನ, ಯಾರು ಅರ್ಹರು ಅಂತ ಮೊದಲೇ ವೆಬ್‌ಸೈಟಲ್ಲಿ ಇರುತ್ತೆ. ಆ ಮೊದಲೇ ಹೇಳೋದು ಅನ್ನೋದು ದೊಡ್ಡ ವಿಷ್ಯ. ಅರ್ಜಿ ಬಂದ್ಮೇಲೆ ರೂಲ್ಸ್ ಮಾಡಿದ್ರೆ ಆ ರೂಲ್ಸು ಯಾರಿಗೋ ಅಳತೆ ತಗೊಂಡು ಹೊಲ್ಸಿದ ಶರ್ಟ್ ಆಗಿರುತ್ತೆ.

ಜಾತಿ ಸಂಘಗಳ ಬಗ್ಗೆನೂ ಒಂದು ಮಾತು, ಇಲ್ದಿದ್ರೆ ಕಾಮೆಂಟಲ್ಲಿ ನನ್ನ ಮೇಲೆ ಬೀಳ್ತಾರೆ. ವಾರಾನ್ನ ಉಂಡು ಓದಿದ ತಲೆಮಾರನ್ನ ಮೇಲೆತ್ತಿದ್ದೇ ನಮ್ಮ ನಾಡಿನ ಹಾಸ್ಟೆಲುಗಳು, ಛತ್ರಗಳು, ಮಠಗಳು. 1903ರಲ್ಲಿ ಬೆಂಗಳೂರು ರೈಲ್ವೆ ಸ್ಟೇಷನ್ ಹತ್ರ ಛತ್ರ ಕಟ್ಟಿಸಿದ ಗುಬ್ಬಿ ತೋಟದಪ್ಪನವರ ದುಡ್ಡಲ್ಲಿ ಎಷ್ಟು ಹುಡುಗ್ರು ಓದಿದ್ರೋ, ಸಿದ್ಧಗಂಗೆಯಲ್ಲಿ ಜಾತಿ ಕೇಳ್ದೆ ಇವತ್ತಿಗೂ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠ ನಡೀತಿದೆ. ಅವರನ್ನ ಬೈಯೋ ಯೋಗ್ಯತೆ ನಂಗಿಲ್ಲ. ಆದಾಯ ತೆರಿಗೆ ಕಾನೂನಲ್ಲೂ ಇದಕ್ಕೆ ಒಂದು ಗೆರೆ ಎಳೆದಿದಾರೆ, 1962ರ ಏಪ್ರಿಲ್ 1 ಆದ್ಮೇಲೆ ಶುರುವಾದ ಧರ್ಮಾರ್ಥ ಟ್ರಸ್ಟು ಒಂದೇ ಜಾತಿಗೆ ಅಥವಾ ಒಂದೇ ಧರ್ಮದೋರಿಗೆ ಮಾತ್ರ ಅಂತ ಇದ್ರೆ ತೆರಿಗೆ ವಿನಾಯ್ತಿ ಸಿಗಲ್ಲ, ಪರಿಶಿಷ್ಟರು, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗೆ ಅಂತ ಇದ್ರೆ ಪರವಾಗಿಲ್ಲ. ನನ್ನ ತಕರಾರು ಜಾತಿಯೊಳಗೇ ನಡೆಯೋ ಆಟದ್ದು: ಸಮುದಾಯದ ಬಡವರಿಗೆ ಅಂತ ಇಟ್ಟ ದುಡ್ಡು ಸಂಘದ ನಿರ್ದೇಶಕರ ಬೀಗರ ಮನೆಗೆ ಹೋಗುತ್ತಲ್ಲ, ಅದು.

ಅದಕ್ಕೂ ಕಾನೂನಿದೆ. ಟ್ರಸ್ಟ್ ಕಟ್ಟಿದೋರು, ಟ್ರಸ್ಟಿಗಳು, ಅವರ ಹತ್ತಿರದ ಸಂಬಂಧಿಕರಿಗೆ ಟ್ರಸ್ಟಿನ ಆದಾಯದಿಂದ ಲಾಭ ಆದ್ರೆ ವಿನಾಯ್ತಿಗೇ ಕುತ್ತು ಬರುತ್ತೆ. ಸಿಎಸ್‌ಆರ್ ದುಡ್ಡಿಗೂ, ಅಂದ್ರೆ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡೋ ದುಡ್ಡಿಗೂ ಹಂಗೇ, ತನ್ನ ನೌಕರರ ಮಕ್ಕಳಿಗೆ ಮಾತ್ರ ಅಂತ ಕಂಪನಿ ಕೊಟ್ರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ. ಆದ್ರೆ ಇದೆಲ್ಲ ತೆರಿಗೆ ಇಲಾಖೆಗೂ ಕಂಪನಿಗಳ ಇಲಾಖೆಗೂ ಗೊತ್ತಾಗೋ ಲೆಕ್ಕ, ಅರ್ಜಿ ಹಾಕಿ ಕಾಯ್ತಾ ಕೂತಿರೋ ಹುಡುಗಿಗೆ ಏನೂ ಗೊತ್ತಾಗಲ್ಲ. ಆರ್‌ಟಿಐ ಹಾಕೋಣ ಅಂದ್ರೆ, ಸರ್ಕಾರದಿಂದ ದೊಡ್ಡ ಪಾಲು ದುಡ್ಡು ಪಡೀದಿರೋ ಖಾಸಗಿ ಟ್ರಸ್ಟಿಗೆ ಅದು ಅನ್ವಯಿಸಲ್ಲ. ಮಹಾರಾಷ್ಟ್ರದಲ್ಲಿ 1950ರಿಂದ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಇದೆ, ಚಾರಿಟಿ ಕಮಿಷನರ್ ಅಂತ ಒಬ್ಬರಿದಾರೆ, ಟ್ರಸ್ಟುಗಳು ಅಲ್ಲಿ ನೋಂದಣಿ ಮಾಡಿಸಿ ಲೆಕ್ಕ ಕೊಡ್ಬೇಕು. ಅಮೆರಿಕದಲ್ಲಿ 1969ರ ತೆರಿಗೆ ಕಾನೂನು ಬಂದ್ಮೇಲೆ ಖಾಸಗಿ ಫೌಂಡೇಶನ್ ಒಂದು ಸ್ಕಾಲರ್‌ಶಿಪ್ ಕೊಡೋಕೆ ಮುಂಚೆನೇ, ನಾವು ಹಿಂಗಿಂಗೆ ಆರಿಸ್ತೀವಿ ಅಂತ ಬರೆದು ತೆರಿಗೆ ಇಲಾಖೆ ಹತ್ರ ಒಪ್ಪಿಗೆ ತಗೋಬೇಕು, ಕಂಪನಿ ಕಡೆಯ ಫೌಂಡೇಶನ್ ನೌಕರರ ಮಕ್ಕಳಿಗೆ ಕೊಡೋದಾದ್ರೆ ಆಯ್ಕೆ ಸಮಿತಿ ಪೂರ್ತಿ ಹೊರಗಿನೋರದ್ದೇ ಆಗಿರ್ಬೇಕು. ನಮ್ಮಲ್ಲಿ? ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಡೀಡ್ ಮಾಡ್ಸಿ, ದಾನ ಕೊಟ್ಟೋರಿಗೆ ತೆರಿಗೆ ರಿಯಾಯ್ತಿ ಸಿಗೋ ಹಂಗೆ ತೆರಿಗೆಯೋರ ಹತ್ರ ಒಪ್ಪಿಗೆ ತಗೊಂಡ್ರೆ ಆಯ್ತು. ಅಧಿವೇಶನದಲ್ಲಿ ಇದನ್ನ ಒಂದ್ಸಲ ಕೇಳಿ ಸಾರ್, ಮಂತ್ರಿಗಳು ಸದನದಲ್ಲೇ ಬಾಯಲ್ಲಿ ಉತ್ತರ ಕೊಡೋ ಚುಕ್ಕೆ ಗುರುತಿನ ಪ್ರಶ್ನೆ ಸಾಕು.

ಕಾನೂನು ಬರೋದು ಯಾವಾಗ್ಲೋ, ಅಲ್ಲಿವರೆಗೆ ನಿಮ್ಮ ಕೈಲೇ ಇರೋದೊಂದಿದೆ. ಮೊದಲ್ನೇದಾಗಿ ಸ್ಕಾಲರ್‌ಶಿಪ್‌ಗೆ ಪತ್ರ ಕೊಡೋದು ನಿಲ್ಲಿಸಿ, ಆಫೀಸ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಬಂದೋರಿಗೆ ಪಿಎ ಕೈಲಿ ಯಾವ ಯಾವ ಟ್ರಸ್ಟಲ್ಲಿ ಯಾವಾಗ ಅರ್ಜಿ, ಏನೇನ್ ಕಾಗದ ಅಂತ ಒಂದು ಪಟ್ಟಿ ಕೊಡಿಸಿ, ಪಟ್ಟಿ ನಾನೇ ಮಾಡ್ಕೊಡ್ತೀನಿ ಬೇಕಿದ್ರೆ. ಎರಡ್ನೇದು, ಯಾವ ಟ್ರಸ್ಟು ನಿಮ್ಮ ಹತ್ರ ಅನುದಾನಕ್ಕೋ ಸಿಎ ಸೈಟ್ ಶಿಫಾರಸಿಗೋ ಬರುತ್ತೋ ಅವರನ್ನ ಕೇಳಿ, ನಿಮ್ಮ ಸ್ಕಾಲರ್‌ಶಿಪ್ ನಿಯಮ ಎಲ್ಲಿ ಹಾಕಿದೀರ, ಹೋದ ವರ್ಷ ಎಷ್ಟು ಅರ್ಜಿ ಬಂತು, ಎಷ್ಟು ಜನಕ್ಕೆ ಕೊಟ್ರಿ, ಅದ್ರಲ್ಲಿ ಟ್ರಸ್ಟಿಗಳ ಕಡೆಯೋರು ಎಷ್ಟು, ಆರಿಸುವಾಗ ಅವರು ಎದ್ದು ಹೊರಗೆ ಹೋಗಿದ್ರಾ ಅಂತ. ಅರ್ಜಿಗಳಿಗೆ ನಂಬರ್ ಹಾಕಿ, ಹೆಸರು ಮುಚ್ಚಿ, ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಿದ್ರೆ ಪೆನ್ಸಿಲ್ ಗುರುತು ಎಲ್ಲಿ ಹಾಕ್ತಾರೆ ನೋಡೋಣ. ಸಿಗದೇ ಇದ್ದೋರಿಗೆ ಯಾಕೆ ಸಿಗಲಿಲ್ಲ ಅಂತ ಒಂದು ಎಸ್‌ಎಂಎಸ್ ಹಾಕೋಕೆ ಎಷ್ಟು ಖರ್ಚಾಗುತ್ತೆ. ಮಕ್ಕಳ ಹೆಸರು ಫೋಟೋ ಎಲ್ಲಾ ಪ್ರಿಂಟ್ ಮಾಡ್ಸೋದು ಬೇಡ, ಬಡತನಾನ ಫ್ಲೆಕ್ಸಲ್ಲಿ ಹಾಕಿಸ್ಕೊಳ್ಳೋಕೆ ಯಾವ ಹದಿನೇಳರ ಹುಡುಗಿಗೂ ಇಷ್ಟ ಇರಲ್ಲ. ಲೆಕ್ಕ ಸಾಕು.

ಫ್ಲೆಕ್ಸ್ ಅಂದೆ ನೋಡಿ, ಅದೊಂದು ಹೇಳಿ ಮುಗಿಸ್ತೀನಿ. ಆ ಟ್ರಸ್ಟಿನ ಪಟ್ಟಿ ಆಗಸ್ಟಲ್ಲೇ ರೆಡಿ ಇತ್ತು, ಚೆಕ್ ಕೊಟ್ಟಿದ್ದು ಡಿಸೆಂಬರಲ್ಲಿ, ಯಾಕಂದ್ರೆ ನಿಮ್ಮ ಡೇಟ್ ಸಿಕ್ಕಿರಲಿಲ್ಲ. ಒಂದ್ಸಲ ಅಧಿವೇಶನ, ಇನ್ನೊಂದ್ಸಲ ಯಾರದೋ ಮದುವೆ, ಮತ್ತೊಂದ್ಸಲ ಕಾರ್ಡ್ ಪ್ರಿಂಟ್ ಆದ್ಮೇಲೆ ಕ್ಯಾನ್ಸಲ್ಲು. ಕಾಲೇಜಿನೋರು ಫೀಸು ಕೇಳಿದ್ದು ಮಾತ್ರ ಜೂನಲ್ಲೇ. ಆ ನಡುವೆ ಒಬ್ಬ ಹುಡುಗ ಬಡ್ಡಿಗೆ ತಂದು ಕಟ್ಟಿದ, ಸ್ಟೇಜ್ ಮೇಲೆ ನಿಮ್ಮ ಜೊತೆ ದೊಡ್ಡ ರಟ್ಟಿನ ಚೆಕ್ ಹಿಡ್ಕೊಂಡು ನಕ್ಕಿದಾನಲ್ಲ ಅವನೇ, ನಿಮ್ಮ ಪೇಜಲ್ಲಿ ಇನ್ನೂ ಫೋಟೋ ಇದೆ. ಈ ಸಲ ದುಡ್ಡು ನೇರ ಅಕೌಂಟಿಗೆ ಹಾಕಿಬಿಡಿ, ಸಮಾರಂಭ ಬೇಕಿದ್ರೆ ಆಮೇಲೆ ಮಾಡ್ಕೊಳ್ಳಿ, ಶಾಲು ಹಾರ ನಂಗೇನೂ ಬೇಜಾರಿಲ್ಲ, ಅಂತ ನೀವೇ ಅವರಿಗೆ ಹೇಳಿ. ಭವನದ ಮೇಲ್ಮಹಡಿಗೆ ಅನುದಾನ ಕೇಳೋಕೆ ಮೇ ತಿಂಗಳಲ್ಲಿ ನಿಮ್ಮ ಹತ್ರ ಬರೋದಿದೆ ಅಂತ ಅವರೇ ನಂಗೆ ಹೇಳಿದಾರೆ, ಆವತ್ತೇ ಹೇಳಿದ್ರೆ ಆಯ್ತು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಪಿಯು ಕಾಲೇಜು ಮೇಷ್ಟ್ರು